ಕೊಳೆಯುವ ಕೆಲಸ ತಿಪ್ಪೆಯಲ್ಲೇ ಮುಗಿಯಲಿ

ಭರಣಿ, ಕೃತ್ತಿಕಾ ಮಳೆ ಒಂದೆರಡು ಹದ ಬಿದ್ದರೆ ಸಾಕು, ದಾವಣಗೆರೆ–ಹರಿಹರದ ಸುತ್ತಿನ ಯಾವ ಹಳ್ಳಿಗೆ ಹೋದರೂ ದಾರಿ ತೋರಿಸುವುದು ಮೂಗು. ಮೆಕ್ಕೆಜೋಳದ ಹೊಲಗಳಲ್ಲಿ ಸಾಲಾಗಿ ಗೊಬ್ಬರದ ಗುಡ್ಡೆ, ಅಡಿಕೆ ತೋಟದ ಗೇಟಿನ ಪಕ್ಕ ನಿನ್ನೆ ರಾತ್ರಿ ಲಾರಿ ಸುರಿದು ಹೋದ ಕೋಳಿ ಗೊಬ್ಬರ, ಅದರ ಮೇಲೆ ಕಪ್ಪಗೆ ಮುತ್ತಿದ ನೊಣ. ಮನೆಯಲ್ಲಿ ಊಟದ ತಟ್ಟೆ ಮುಚ್ಚಿಟ್ಟುಕೊಂಡೇ ಉಣ್ಣಬೇಕು. ಪಕ್ಕದ ಹೊಲದವರು ಜಗಳಕ್ಕೆ ಬಂದರೆ ಒಂದೇ ಉತ್ತರ: "ಗೊಬ್ಬರ ಅಂದ್ಮೇಲೆ ನಾರ್ದೆ ಇರ್ತದೇನು?"

ಇರುತ್ತದೆ. ಚೆನ್ನಾಗಿ ಕಳಿತ ಗೊಬ್ಬರ ನಾರುವುದಿಲ್ಲ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ನಾರುತ್ತಿದೆ ಎಂದರೆ ನೀವು ದುಡ್ಡು ಕೊಟ್ಟು ತಂದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತಿದೆ ಎಂದರ್ಥ. ನೊಣ ಮುತ್ತಿದೆ ಎಂದರೆ ಅಲ್ಲಿ ರೋಗಾಣುವಿಗೂ ಊಟವಿದೆ. ಅಜ್ಜಂದಿರ ಕಾಲದಲ್ಲಿ ಮನೆಯ ನಾಲ್ಕು ದನಗಳ ಸಗಣಿ ವರ್ಷಪೂರ್ತಿ ತಿಪ್ಪೆಯಲ್ಲಿ ಕೂತು ಯುಗಾದಿಯ ಹೊತ್ತಿಗೆ ಹೊಲ ಸೇರುತ್ತಿತ್ತು. ಕಾಯುವುದೇ ಆಗ ಅರ್ಧ ಚಿಕಿತ್ಸೆ. ಇವತ್ತು ದನ ಕಡಿಮೆ, ಗೊಬ್ಬರ ಲೋಡ್ ಲೆಕ್ಕದಲ್ಲಿ ಕೋಳಿ ಫಾರ್ಮಿನಿಂದ ಬರುತ್ತದೆ, ಬಂದ ವಾರದಲ್ಲೇ ಮಣ್ಣಿಗೆ ಬೀಳುತ್ತದೆ. ತಿಪ್ಪೆಯಲ್ಲಿ ಆಗಬೇಕಾದ ಕೊಳೆಯುವ ಕೆಲಸ ಹೊಲದಲ್ಲಿ ಆಗುತ್ತಿದೆ. ತೊಂದರೆಯೆಲ್ಲ ಶುರುವಾಗುವುದು ಅಲ್ಲಿಂದ.

ಹಸಿ ಗೊಬ್ಬರದಲ್ಲಿ ಏನಿದೆ

ಸಾಲ್ಮೊನೆಲ್ಲಾ, ಇ. ಕೊಲೈನಂಥ ಬ್ಯಾಕ್ಟೀರಿಯಾ, ಜಂತುವಿನ ಮೊಟ್ಟೆ, ಧನುರ್ವಾಯು ತರುವ ಬೀಜಾಣು. ಇವುಗಳಲ್ಲಿ ಕೆಲವು ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಫಾರ್ಮುಗಳಲ್ಲಿ ಆಂಟಿಬಯೋಟಿಕ್ ಬಳಸಿದ್ದರೆ ಅದರ ಅಂಶವೂ, ಆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವೂ ಹಿಕ್ಕೆಯೊಂದಿಗೇ ಹೊಲಕ್ಕೆ ಬರುತ್ತವೆ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಳ್ಳಬೇಕಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧ ಹಾಕಿದ್ದು ಇಂಥ ಭಯದಿಂದಲೇ.

ನಮ್ಮೂರ ಮಟ್ಟಿಗೆ ಇನ್ನೊಂದು ನೆನಪಿದೆ. 2020ರ ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಖಚಿತವಾಯಿತು. ಇಂಥ ಹೊತ್ತಿನಲ್ಲಿ ರೋಗ ಕಂಡ ಜಾಗದ ಸುತ್ತ 1 ಕಿ.ಮೀ. ಸೋಂಕು ವಲಯ, 10 ಕಿ.ಮೀ. ನಿಗಾ ವಲಯ. ಆಗ ಎಲ್ಲರೂ ಮಾತಾಡಿದ್ದು ಕೋಳಿ, ಮೊಟ್ಟೆಯ ಬಗ್ಗೆ. ಆದರೆ ವೈರಸ್ ಹಿಕ್ಕೆಯಲ್ಲೂ ಇರುತ್ತದೆ. ಗೊಬ್ಬರದ ಲಾರಿ, ಅದರ ಚಕ್ರ, ಸಲಿಕೆ, ಹಮಾಲರ ಚಪ್ಪಲಿ, ಇವೆಲ್ಲ ರೋಗಕ್ಕೆ ಸವಾರಿ ಕೊಡುತ್ತವೆ. ಹತ್ತಿರದಲ್ಲಿ ಎಲ್ಲಾದರೂ ಕೋಳಿಗಳು ಒಮ್ಮೆಲೇ ಸಾಯುತ್ತಿವೆ ಎಂಬ ಸುದ್ದಿ ಬಂದರೆ ಆ ಕಡೆಯ ಗೊಬ್ಬರ ಪುಕ್ಕಟೆ ಸಿಕ್ಕರೂ ಬೇಡ.

ಇನ್ನು ನೀರು. ದಾವಣಗೆರೆ ನಗರ ಕುಡಿಯುವುದು ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯ ನೀರನ್ನು, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆಯ ನೀರನ್ನು. ಸೂಳೆಕೆರೆಯಿಂದ ಇಳಿದು ಬರುವ ಹರಿದ್ರಾ ಹೊಳೆ ಹರಿಹರದಲ್ಲಿ ತುಂಗಭದ್ರೆ ಸೇರುತ್ತದೆ. ದಾರಿಯುದ್ದಕ್ಕೂ ಗದ್ದೆ, ತೋಟ. ಹೊಲದಿಂದ ಕೊಚ್ಚಿಹೋದ ಗೊಬ್ಬರ ಯಾವುದೋ ಊರಿಗೆ ಹೋಗುವುದಿಲ್ಲ, ಬಾಗಿ ಬಳಸಿ ನಮ್ಮ ನಲ್ಲಿಯ ಹಾದಿಯನ್ನೇ ಹಿಡಿಯುತ್ತದೆ. ರಂಜಕ ಕೆರೆ ಸೇರಿದರೆ ಪಾಚಿ ಬೆಳೆಯುತ್ತದೆ. ಸಾರಜನಕ ನೈಟ್ರೇಟ್ ಆಗಿ ಬೋರ್‌ವೆಲ್‌ಗೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂಬುದು ಭಾರತೀಯ ಮಾನದಂಡ. ದಾಟಿದರೆ ಹೆಚ್ಚು ಅಪಾಯ ಬಾಟಲಿ ಹಾಲು ಕುಡಿಯುವ ಎಳೆಗೂಸಿಗೆ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗಿ ಮಗು ನೀಲಿಗಟ್ಟುತ್ತದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ತಿಪ್ಪೆಯ ಬಿಸಿಯೇ ಔಷಧ

ಗುಡ್ಡೆಯೊಳಗೆ ಸೂಕ್ಷ್ಮಜೀವಿಗಳು ಉಂಡು ಉಸಿರಾಡುವಾಗ ಶಾಖ ಹುಟ್ಟುತ್ತದೆ. ಗುಡ್ಡೆ ಸಾಕಷ್ಟು ದೊಡ್ಡದಿದ್ದರೆ ಆ ಶಾಖ ಹೊರಗೆ ಹೋಗದೆ ಒಳಗೇ ಉಳಿದು 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೆಚ್ಚಿನ ರೋಗಾಣು, ಜಂತಿನ ಮೊಟ್ಟೆ, ಕಳೆಬೀಜ, ನೊಣದ ಮರಿಹುಳು ಈ ಬಿಸಿ ತಾಳಲಾರವು. ಆದರೆ ಬಿಸಿ ಇರುವುದು ನಡುವೆ ಮಾತ್ರ. ಮೇಲಿನ ಒಂದು ಗೇಣು ತಣ್ಣಗೇ ಇರುತ್ತದೆ. ತಿರುವಿ ಹಾಕುವುದು ಯಾಕೆ ಎಂಬ ಪ್ರಶ್ನೆಗೆ ಇದೇ ಉತ್ತರ: ಹೊರಗಿನದು ಒಳಗೆ ಹೋಗಿ ಬೇಯಬೇಕು.

1. ಜಾಗ. ಮಳೆನೀರು ನುಗ್ಗದ, ನಿಲ್ಲದ ಎತ್ತರದ ಜಾಗ ಆರಿಸಿ. ಬಾವಿ, ಬೋರ್‌ವೆಲ್, ಹಳ್ಳ, ನಾಲೆಯಿಂದ ಕನಿಷ್ಠ 100 ಅಡಿ ದೂರ. ತಳಕ್ಕೆ ಜೇಡಿಮಣ್ಣು ಗುದ್ದಿ ಗಟ್ಟಿಮಾಡಿ, ಸುತ್ತ ಮೊಣಕಾಲೆತ್ತರದ ಬದು ಹಾಕಿ.

2. ಬೆರಕೆ. ಕೋಳಿ ಗೊಬ್ಬರದಲ್ಲಿ ಸಾರಜನಕ ಜಾಸ್ತಿ, ಇಂಗಾಲ ಕಡಿಮೆ. ಒಂದನ್ನೇ ರಾಶಿ ಹಾಕಿದರೆ ಅಮೋನಿಯ ಕಾರುತ್ತದೆ. ಒಂದು ಪುಟ್ಟಿ ಕೋಳಿ ಗೊಬ್ಬರಕ್ಕೆ ಎರಡು ಮೂರು ಪುಟ್ಟಿ ಒಣಕಸ ಸೇರಿಸಿ. ಮೆಕ್ಕೆಜೋಳದ ದಂಟು, ಕತ್ತರಿಸಿದ ಹುಲ್ಲು, ಭತ್ತದ ಹೊಟ್ಟು ಎಲ್ಲವೂ ಆದೀತು. ಚನ್ನಗಿರಿ, ಹೊನ್ನಾಳಿ ಕಡೆ ರಸ್ತೆಬದಿಗೆ ಸುರಿದು ಬೆಂಕಿ ಇಡುವ ಅಡಿಕೆ ಸಿಪ್ಪೆಗೆ ಇದಕ್ಕಿಂತ ಒಳ್ಳೆಯ ಗತಿಯಿಲ್ಲ. ಅದು ನಿಧಾನಕ್ಕೆ ಕೊಳೆಯುತ್ತದೆ, ಆದರೆ ಗುಡ್ಡೆಯೊಳಗೆ ಗಾಳಿಯಾಡುವಂತೆ ಸಂದು ಬಿಡುತ್ತದೆ. ಬ್ರಾಯ್ಲರ್ ಶೆಡ್ಡಿನ ಗೊಬ್ಬರದಲ್ಲಿ ಹೊಟ್ಟು ಮೊದಲೇ ಬೆರೆತಿರುವುದರಿಂದ ಒಣಕಸ ಕಡಿಮೆ ಸಾಕು. ಮೊಟ್ಟೆ ಕೋಳಿಯದ್ದು ಶುದ್ಧ ಹಿಕ್ಕೆ, ಹಸಿ ಹೆಚ್ಚು.

3. ಅಳತೆ. ಅಗಲ 6ರಿಂದ 7 ಅಡಿ, ಎತ್ತರ 4ರಿಂದ 5 ಅಡಿ, ಉದ್ದ ನಿಮ್ಮ ಅನುಕೂಲ. ಮೊಣಕಾಲೆತ್ತರದ ಗುಡ್ಡೆ ಬಿಸಿಯೇ ಏರುವುದಿಲ್ಲ.

4. ತೇವ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಕಂಡರೆ ಹದ. ನೀರು ಸುರಿದರೆ ಒಣಕಸ ಸೇರಿಸಿ, ಉಂಡೆ ಕಟ್ಟದೆ ಉದುರಿದರೆ ನೀರು ಚಿಮುಕಿಸಿ.

5. ತಿರುವು. ಮೂರನೇ ದಿನ ಒಮ್ಮೆ, ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ. 55 ಡಿಗ್ರಿಯ ಬಿಸಿ ಒಟ್ಟು 15 ದಿನ, ಅಷ್ಟರೊಳಗೆ ಐದು ಸಲ ತಿರುವು, ಇದು ಬಯಲು ಗುಡ್ಡೆಗೆ ಹಲವು ದೇಶಗಳು ಒಪ್ಪಿರುವ ಲೆಕ್ಕ. ಉದ್ದ ಕಡ್ಡಿಯ ಥರ್ಮಾಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಕಬ್ಬಿಣದ ಹಾರೆಯನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿ ಹಿಡಿದುಕೊಂಡಿರಲು ಆಗದಷ್ಟು ಸುಟ್ಟರೆ ಗುಡ್ಡೆ ಕೆಲಸ ಮಾಡುತ್ತಿದೆ. ತಿರುವಲು ಜೆಸಿಬಿ ಬಾಡಿಗೆ ಎಂದು ಮುಖ ಸಿಂಡರಿಸಬೇಡಿ, ನಾಲ್ಕು ಮನೆಯವರು ಒಂದೇ ದಿನ ಕರೆಸಿದರೆ ತಲೆಗೆ ಬೀಳುವುದು ಹಗುರ.

6. ಮಾಗುವಿಕೆ. ಬಿಸಿ ಇಳಿದ ಮೇಲೂ ಆರೆಂಟು ವಾರ ತಾಡಪಾಲು ಹೊದಿಸಿ ಬಿಡಿ. ಕಪ್ಪಗೆ, ಪುಡಿಪುಡಿಯಾಗಿ, ಕೈಗೆ ಮೆತ್ತದೆ ಇದ್ದರೆ ಕಳಿತಿದೆ.

ಲೆಕ್ಕ ಹಾಕಿ ನೋಡಿ: ಎಲ್ಲ ಸೇರಿ ಮೂರು ತಿಂಗಳು. ಮೃಗಶಿರಾ ಮಳೆಗೆ ಬಿತ್ತುವವರು ಫೆಬ್ರುವರಿ ಕೊನೆಗೇ ಗೊಬ್ಬರ ತರಿಸಿ ಗುಡ್ಡೆ ಹಾಕಿರಬೇಕು. ಮೇ ತಿಂಗಳಲ್ಲಿ ತಂದ ಲೋಡನ್ನು ಈ ಸಲಕ್ಕೆ ಮರೆತು ಹಿಂಗಾರಿಗೆ ಇಟ್ಟುಕೊಳ್ಳುವುದು ಜಾಣತನ.

ನೊಣದ ಜೊತೆ ಗಡಿಯಾರದ ಪಂದ್ಯ

ಮನೆನೊಣ ಒಂದು ಸಲಕ್ಕೆ ನೂರರ ಸುಮಾರು ಮೊಟ್ಟೆ ಇಡುತ್ತದೆ, ಬದುಕಿನಲ್ಲಿ ಹೀಗೆ ನಾಲ್ಕೈದು ಸಲ. ನಮ್ಮ ಬೇಸಿಗೆಯಲ್ಲಿ ಮೊಟ್ಟೆ ಒಂದೇ ದಿನದಲ್ಲಿ ಒಡೆಯುತ್ತದೆ, ಏಳರಿಂದ ಹತ್ತು ದಿನಕ್ಕೆ ಹೊಸ ನೊಣ ಹಾರುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು ಒಂದು ವಾರ. ಆ ವಾರದೊಳಗೆ ಗುಡ್ಡೆ ತಿರುವಿ ಮೇಲಿನ ಮರಿಹುಳುಗಳನ್ನು ಬಿಸಿಗೆ ತಳ್ಳಿದರೆ ಒಂದು ತಲೆಮಾರು ಮುಗಿಯಿತು. ತಿರುವಲು ಆಗದಿದ್ದರೆ ತಾಡಪಾಲನ್ನು ಬಿಗಿಯಾಗಿ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ. ಅದೂ ಇಲ್ಲವೆಂದರೆ ಬಿಸಿಲಿಗೆ ತೆಳ್ಳಗೆ ಹರಡಿ ಒಣಗಿಸಿ, ಒಣ ಹಿಕ್ಕೆಯಲ್ಲಿ ನೊಣ ಮರಿ ಮಾಡಲಾರದು. ಕೆಟ್ಟದ್ದೆಂದರೆ ಹಸಿಯಾಗಿ, ದಪ್ಪವಾಗಿ, ಬಾಯಿ ತೆರೆದು ಬಿಟ್ಟ ಗುಡ್ಡೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಅದೇ.

ವಿಷ ಹೊಡೆಯುವುದು ಸುಲಭ ಅನ್ನಿಸುತ್ತದೆ. ಗುಡ್ಡೆಯ ಮೇಲೆ ಹೊಡೆದ ವಿಷ ಒಳಗಿನ ಹುಳುವಿಗೆ ಮುಟ್ಟುವುದಿಲ್ಲ, ನೊಣ ಬರಬರುತ್ತಾ ಅದನ್ನು ಅರಗಿಸಿಕೊಳ್ಳಲು ಕಲಿಯುತ್ತದೆ. ನೊಣಕ್ಕೆ ಹೊಡೆಯುತ್ತಿದ್ದ ಡೈಕ್ಲೋರ್‌ವಾಸ್, ಬೇರುಹುಳುವಿಗೆಂದು ಗೊಬ್ಬರಕ್ಕೆ ಬೆರೆಸುತ್ತಿದ್ದ ಫೋರೇಟ್ ಎರಡೂ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷಿದ್ಧ. ಹಳೆಯ ಡಬ್ಬಿ ಅಟ್ಟದ ಮೇಲಿದ್ದರೆ ತೆಗೆಯಲೇ ಬೇಡಿ.

ಹೊಸ ಫಾರ್ಮು ಊರ ಹತ್ತಿರ ಬರುತ್ತಿದ್ದರೆ ತಿಳಿದಿರಲಿ: ಜನವಸತಿಯಿಂದ 500 ಮೀಟರ್, ನದಿ, ಕೆರೆ, ನಾಲೆ, ಕುಡಿಯುವ ನೀರಿನ ಮೂಲದಿಂದ 100 ಮೀಟರ್ ದೂರವಿರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಲು ಈ ಎರಡು ಅಂಕಿ ಸಾಕು.

ಎಷ್ಟು ಹಾಕಬೇಕು?

ಇಲ್ಲಿ ಒಂದು ನಿಮಿಷ ಪೆನ್ನು ಹಿಡಿಯಿರಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು. ಒಣಗಿದ ಕೋಳಿ ಗೊಬ್ಬರದಲ್ಲಿ ನೂರಕ್ಕೆ ಸುಮಾರು 3 ಪಾಲು, ರಂಜಕ ಸುಮಾರು 2.6, ಪೊಟ್ಯಾಷ್ 1.4. ಅಂದರೆ ಒಂದು ಟನ್ ಒಣ ಕೋಳಿ ಗೊಬ್ಬರದಲ್ಲಿ 30 ಕಿಲೋ ಸಾರಜನಕ, ಹತ್ತಿರ ಹತ್ತಿರ 65 ಕಿಲೋ ಯೂರಿಯಾಕ್ಕೆ ಸಮ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಎಕರೆಗೆ ಬೇಕಿರುವುದು 40 ಕಿಲೋ ಸಾರಜನಕ. ಮೂರು ಟನ್ನಿನ ಒಂದು ಲೋಡ್ ಎಕರೆಗೆ ಸುರಿದು, ಅದರ ಮೇಲೆ ಎರಡು ಚೀಲ ಯೂರಿಯಾವನ್ನೂ ಕೊಟ್ಟರೆ, ಬೆಳೆ ಕುಡಿಯಲಾಗದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಬೋರಿಗೆ, ಹಳ್ಳಕ್ಕೆ.

ಅಡಿಕೆಗೆ ಇನ್ನೂ ಸ್ಪಷ್ಟ. ಫಸಲು ಕೊಡುವ ಒಂದು ಮರಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಐದು ಕಿಲೋ ಒಣ ಕೋಳಿ ಗೊಬ್ಬರ ಹಾಕಿದಿರಿ ಅನ್ನಿ: ಸಾರಜನಕ 150 ಗ್ರಾಂ, ರಂಜಕ 130 ಗ್ರಾಂ, ಪೊಟ್ಯಾಷ್ 70 ಗ್ರಾಂ. ರಂಜಕ ಬೇಕಾದ್ದರ ಮೂರು ಪಟ್ಟು ಮೀರಿದೆ, ಪೊಟ್ಯಾಷ್ ಅರ್ಧಕ್ಕೆ ನಿಂತಿದೆ. ವರ್ಷ ವರ್ಷ ಹೀಗೇ ನಡೆದರೆ ತೋಟದ ಮಣ್ಣಿನಲ್ಲಿ ರಂಜಕ ಗುಡ್ಡೆಯಾಗುತ್ತದೆ, ಮಣ್ಣು ಕೊಚ್ಚಿದಾಗ ಅದೂ ಕೆರೆಗೆ ಹೋಗುತ್ತದೆ. ಮರಕ್ಕೆ ಒಂದೂವರೆ ಕಿಲೋ ಕೋಳಿ ಗೊಬ್ಬರ ಮೀರಬೇಡಿ. ಅಷ್ಟರಲ್ಲೇ ರಂಜಕದ ಪಾಲು ಮುಗಿಯುತ್ತದೆ. ಉಳಿದದ್ದಕ್ಕೆ ಕೊಟ್ಟಿಗೆ ಗೊಬ್ಬರ, ಸೊಪ್ಪು, ಪೊಟ್ಯಾಷ್. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿದರೆ ಈ ಲೆಕ್ಕ ನಿಮ್ಮ ತೋಟದ್ದೇ ಆಗುತ್ತದೆ.

ಹೊಲಕ್ಕೆ ಹಾಕುವ ದಿನ

1. ಆಕಾಶ ನೋಡಿ. ಮುಂದಿನ ಎರಡು ಮೂರು ದಿನ ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ನಿಲ್ಲಿಸಿ. ಹನಿ ಮಳೆ ಒಳ್ಳೆಯದು, ಗುಡುಗಿನ ಮಳೆ ಕಳ್ಳ.

2. ಹರಡಿದ ದಿನವೇ ಮಣ್ಣಿಗೆ ಸೇರಿಸಿ. ಕುಂಟೆಯೋ ರೋಟಾವೇಟರೋ, ಸಂಜೆಯೊಳಗೆ ಮುಗಿಯಲಿ. ಮೇಲೇ ಬಿಟ್ಟ ಗೊಬ್ಬರದ ಸಾರಜನಕ ಮೊದಲ ದಿನಗಳಲ್ಲೇ ಗಾಳಿಗೆ ಹೋಗುತ್ತದೆ. ವಾರಗಟ್ಟಲೆ ಹೊಲದಲ್ಲಿ ಗುಡ್ಡೆ ಬಿಟ್ಟರೆ ಗುಡ್ಡೆಯ ಅಡಿ ಪೈರು ಉರಿಯುತ್ತದೆ, ಪಕ್ಕದಲ್ಲಿ ಬಡವಾಗುತ್ತದೆ.

3. ಅಂಚು ಬಿಡಿ. ನಾಲೆ, ಹಳ್ಳದ ಬದಿಗೆ 30 ಅಡಿ ಗೊಬ್ಬರ ಹಾಕದೆ ಹುಲ್ಲು ಬೆಳೆಯಲು ಬಿಟ್ಟರೆ ಹುಲ್ಲೇ ಜರಡಿಯಾಗುತ್ತದೆ. ಬೋರ್‌ವೆಲ್ ಸುತ್ತ 100 ಅಡಿ.

4. ಮಣ್ಣಿನ ಗುಣ ನೋಡಿ. ಗರಸು ಮಿಶ್ರಿತ ಕೆಂಪು ಮಣ್ಣು ಸೋರುತ್ತದೆ, ಅಲ್ಲಿ ಒಂದೇ ಸಲಕ್ಕೆ ಬೇಡ, ಎರಡು ಕಂತು. ಎರೆಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ. ಬಗ್ಗಡವನ್ನೋ ತೆಳು ಗೊಬ್ಬರವನ್ನೋ ಹಾಗೇ ಸುರಿದರೆ ಬಿರುಕಿನ ಮೂಲಕ ನೇರ ಪಾತಾಳಕ್ಕೆ. ಮೊದಲು ಒಂದು ಸಲ ಹರಗಿ ಬಿರುಕು ಮುಚ್ಚಿ.

5. ಭತ್ತದ ಗದ್ದೆಯಲ್ಲಿ ಹಸಿ ಗೊಬ್ಬರ ಬೇಡವೇ ಬೇಡ. ನೀರಿನಡಿ ಗಾಳಿಯಿಲ್ಲದೆ ಕೊಳೆತು ಸಸಿಯ ಬೇರಿಗೆ ವಿಷವಾಗುವ ಗಂಧಕದ ಅನಿಲ ಹುಟ್ಟುತ್ತದೆ, ಮೀಥೇನ್ ಗುಳ್ಳೆ ಏಳುತ್ತದೆ. ಕಳಿತದ್ದನ್ನು ಹಾಕಿ ಕೆಸರು ಮಾಡಿದ ಮೇಲೂ ಒಂದು ವಾರ ಗದ್ದೆಯ ನೀರು ಹೊರಬಿಡಬೇಡಿ. ಭದ್ರಾ ಅಚ್ಚುಕಟ್ಟಿನ ಕೊನೆಭಾಗದಲ್ಲಿ ಮೇಲಿನ ಗದ್ದೆಯ ಬಸಿನೀರೇ ಕೆಳಗಿನವರ ಪಾಲಿನ ನಾಲೆ.

ಕುರಿ ತರುಬುವವರು ಕೇಳುತ್ತಾರೆ, "ಅದೂ ಹಸೀನೇ ಅಲ್ವಾ?" ಹೌದು. ಆದರೆ ಬೇಸಿಗೆಯ ಬರಿ ಹೊಲದಲ್ಲಿ ಮಂದೆ ನಿಲ್ಲಿಸಿ, ಬಿಸಿಲಿಗೆ ಒಣಗಿ, ಉಳುಮೆಯಾಗಿ, ಎರಡು ತಿಂಗಳಾದ ಮೇಲೆ ಬಿತ್ತನೆ ಎಂಬ ಹಳೆಯ ಕ್ರಮದಲ್ಲಿ ಒಂದು ವಿವೇಕವಿದೆ. ಅದನ್ನು ತರಕಾರಿ ಮಡಿಗೆ ತರಬೇಡಿ, ಅಷ್ಟೇ.

ಸೊಪ್ಪಿನ ಮಡಿಗೆ ಬೇರೆ ನಿಯಮ

ಮಂಡಕ್ಕಿ ಮೇಲೆ ಉದುರಿಸುವ ಕೊತ್ತಂಬರಿ ಬೇಯುವುದಿಲ್ಲ. ಮಿರ್ಚಿ ಜೊತೆ ಕಡಿಯುವ ಈರುಳ್ಳಿಯೂ ಬೇಯುವುದಿಲ್ಲ. ಹಸಿಯಾಗಿ ತಿನ್ನುವ ಬೆಳೆ ಮಣ್ಣಿಗೆ ತಾಗುವಂಥದ್ದಾದರೆ ಹಸಿ ಗೊಬ್ಬರ ಹಾಕಿದ ದಿನಕ್ಕೂ ಕೊಯ್ಲಿಗೂ 120 ದಿನ, ತಾಗದಿದ್ದರೆ 90 ದಿನ ಅಂತರವಿರಬೇಕು ಎಂದು ಅಮೆರಿಕದ ಸಾವಯವ ಕೃಷಿ ನಿಯಮ ಹೇಳುತ್ತದೆ. ಕೊತ್ತಂಬರಿ, ಮೆಂತ್ಯ ಕೈಗೆ ಬರುವುದು 30–45 ದಿನಕ್ಕೆ. ಹಾಗಾದರೆ ಸೊಪ್ಪಿಗೆ ಹಸಿ ಗೊಬ್ಬರ ಯಾವ ಲೆಕ್ಕದಲ್ಲೂ ಹೊಂದುವುದಿಲ್ಲ, ಬಿಸಿಯೇರಿ ಕಳಿತದ್ದೇ ಬೇಕು.

ಇಲ್ಲಿ ಒಂದು ಮಾತು, ಕೆಲವರಿಗೆ ಹಿಡಿಸದಿರಬಹುದು. ಜೀವಾಮೃತ ಬಿಸಿಯಾಗುವುದಿಲ್ಲ. ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು ಕಲಸಿ ನೆರಳಲ್ಲಿಟ್ಟಾಗ ಒಳ್ಳೆಯ ಜೀವಿಗಳ ಜೊತೆ ಕೆಟ್ಟವೂ ಬೆಲ್ಲ ತಿನ್ನಬಹುದು. ಅದನ್ನು ಮಣ್ಣಿಗೆ ಕೊಡಿ. ಸೊಪ್ಪಿನ ಎಲೆಯ ಮೇಲೆ ಸಿಂಪಡಿಸಬೇಡಿ. ಎರೆಗೊಬ್ಬರಕ್ಕೂ ಇದೇ ಎಚ್ಚರ, ಎರೆಹುಳು ಬಿಸಿಯಲ್ಲಿ ಬದುಕದಾದ್ದರಿಂದ ಅದೂ ತಣ್ಣಗೇ ತಯಾರಾಗುತ್ತದೆ. ಸಗಣಿಯನ್ನು ಮೊದಲು ಗುಡ್ಡೆಯಲ್ಲಿ ಕಾಯಿಸಿ ಆಮೇಲೆ ಹುಳು ಬಿಡಿ.

ಪಾಯಿಖಾನೆ ಗುಂಡಿ ಖಾಲಿ ಮಾಡುವ ಟ್ಯಾಂಕರಿನವರು ಹೊಲಕ್ಕೆ ಪುಕ್ಕಟೆ ಬಿಡುತ್ತೇವೆ ಎಂದು ಬಂದರೆ ಒಪ್ಪಬೇಡಿ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮಲದ ಹೂಳನ್ನು ಗೊಬ್ಬರ ಮಾಡಲು ದೇವನಹಳ್ಳಿಯಲ್ಲಿ 2015ರಿಂದ ಶುದ್ಧೀಕರಣ ಘಟಕವೇ ನಡೆಯುತ್ತಿದೆ. ಹಾಗೆ ಸಂಸ್ಕರಿಸಿ ಬಂದದ್ದರ ಮಾತು ಬೇರೆ.

ಕೈ, ಕಾಲು, ಉಸಿರು

ಗೊಬ್ಬರ ತುಂಬುವ ಕೆಲಸಕ್ಕೆ ನಮ್ಮಲ್ಲಿ ಬರಿಗಾಲು, ಬರಿಗೈ. ಗಂಬೂಟು, ರಬ್ಬರ್ ಕೈಗವಸು, ಒಣ ಗೊಬ್ಬರದ ಧೂಳಿಗೆ ಮೂಗಿಗೊಂದು ಮಾಸ್ಕ್, ಇವನ್ನು ಕೂಲಿಯವರಿಗೆ ಕೊಡಿಸುವುದು ಹೊಲದವರ ಖರ್ಚಿನಲ್ಲಿ ಸೇರಲಿ. ಸಲಿಕೆ ತಾಗಿ ಗಾಯವಾದರೆ ಸೋಪಿನಲ್ಲಿ ತೊಳೆದು ಅದೇ ದಿನ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಗದ್ದೆ, ಕೊಟ್ಟಿಗೆ ಕೆಲಸದ ನಂತರ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾದರೆ ಇಲಿಜ್ವರ ಇರಬಹುದು. "ಗೊಬ್ಬರದ ಕೆಲಸ ಮಾಡಿದ್ದೆ" ಎಂದು ವೈದ್ಯರಿಗೆ ನೀವೇ ಹೇಳಬೇಕು, ಅವರಿಗೆ ಕನಸು ಬೀಳುವುದಿಲ್ಲ. ದನ ಕಂದು ಹಾಕಿದಾಗ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ತಿಪ್ಪೆಗೆ ಎಸೆಯಬೇಡಿ. ಆಳವಾಗಿ ಹೂತು ಸುಣ್ಣ ಹಾಕಿ, ಪಶುವೈದ್ಯರಿಗೆ ತಿಳಿಸಿ.

ಗೋಬರ್ ಗ್ಯಾಸ್ ತೊಟ್ಟಿಗೆ, ಮುಚ್ಚಿದ ಬಗ್ಗಡದ ಗುಂಡಿಗೆ ಯಾವ ಕಾರಣಕ್ಕೂ ಇಳಿಯಬೇಡಿ. ಒಳಗಿನ ಅನಿಲ ಎರಡು ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ. ಒಬ್ಬ ಬಿದ್ದನೆಂದು ಎತ್ತಲು ಇನ್ನೊಬ್ಬ ಇಳಿದು ಇಬ್ಬರೂ ಹೋಗುತ್ತಾರೆ. ಬಿದ್ದಿದ್ದರೆ 112ಕ್ಕೆ ಕರೆ ಮಾಡಿ, ಮೇಲಿನಿಂದಲೇ ಹಗ್ಗ ಬಿಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ವಾಸನೆ ತಡೆಯಲು ಸುಣ್ಣ, ಮಂಡಕ್ಕಿ ಭಟ್ಟಿಯ ಬೂದಿ ಎರಚುವುದು. ಕ್ಷಾರ ತಾಗಿದ ಕೂಡಲೇ ಅಮೋನಿಯ ಇನ್ನಷ್ಟು ಹಾರುತ್ತದೆ. ಬೂದಿಯನ್ನು ಬೇರೆಯಾಗಿ, ಗೊಬ್ಬರ ಮಣ್ಣಿಗೆ ಸೇರಿದ ಎಷ್ಟೋ ದಿನದ ಮೇಲೆ ಹಾಕಿ.

ಸತ್ತ ಕೋಳಿಗಳಿರುವ ಲೋಡನ್ನು ಸುಮ್ಮನೆ ಇಳಿಸಿಕೊಳ್ಳುವುದು. ಲಾರಿ ಎದುರೇ ನಿಂತು ನೋಡಿ, ವಾಪಸ್ ಕಳಿಸಿ.

ಅಡಿಕೆ ಬುಡಕ್ಕೆ ಅಂಟಿಸಿ ಹಸಿ ಗೊಬ್ಬರ ಹಾಕುವುದು. ಬೇರು ಸುಡುತ್ತದೆ, ಅರೆಕೊಳೆತ ಗೊಬ್ಬರ ಗೊಣ್ಣೆ ಹುಳುವಿಗೆ ಹೆರಿಗೆಮನೆ. ಬುಡದಿಂದ ಎರಡು ಅಡಿ ದೂರದಲ್ಲಿ ಸುತ್ತು ಪಾತಿ ತೆಗೆದು ಕಳಿತದ್ದನ್ನು ಹಾಕಿ ಮಣ್ಣು ಮುಚ್ಚಿ.

ಗೊಬ್ಬರ ಹೊತ್ತ ಟ್ರೇಲರಿನಲ್ಲೇ ಮರುದಿನ ತರಕಾರಿ ಮಾರುಕಟ್ಟೆಗೆ ಹೋಗುವುದು. ತೊಳೆದು ಒಂದು ಬಿಸಿಲು ಕಾಣಿಸಿ.

ಕೊನೆಯದು ತಪ್ಪಲ್ಲ, ಒಂದು ಪರೀಕ್ಷೆ. ಗೊಬ್ಬರ ಹಾಕಿದ ಮೇಲೆ ಮೊದಲ ಜೋರು ಮಳೆ ಬಂದಾಗ ಕೊಡೆ ಹಿಡಿದು ಹೊಲದ ತಗ್ಗಿನ ಮೂಲೆಗೆ, ನೀರು ಹೊರಬೀಳುವ ಬದುವಿನ ಕಂಡಿಗೆ ಹೋಗಿ ನಿಲ್ಲಿ. ನೀರು ಬರೀ ಮಣ್ಣಿನ ಬಣ್ಣಕ್ಕಿದ್ದರೆ ಮನೆಗೆ ಹೋಗಬಹುದು. ಚಹಾದ ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಕಟ್ಟಿ, ಕೊಟ್ಟಿಗೆಯ ವಾಸನೆ ಬಂದರೆ ಅಲ್ಲೇ ಎರಡು ಹೊರೆ ಜೋಳದ ದಂಟು ಅಡ್ಡಹಾಕಿ ಮಣ್ಣು ತುಳಿಯಿರಿ. ಮುಂದಿನ ವರ್ಷ ಆ ಮೂಲೆಗೆ ಗೊಬ್ಬರ ಹಾಕಬೇಡಿ.